ಕಾಣುವ ಅಕ್ಷರ, ಕೇಳುವ ಅಕ್ಷರ

ಕಳೆದ ಆಷಾಢಮಾಸದ ಒಂದು ಬುಧವಾರ. ಆಷಾಢವಾದುದರಿಂದ ಲಗ್ನ, ಗೃಹಪ್ರವೇಶಗಳ ಆಹ್ವಾನಗಳಿಲ್ಲ. ಬಿಡದೆ ಹಿಡಿದ ಜಡಿಮಳೆಯಿಂದಾಗಿ ದರ್ಶನಕ್ಕೆ ಬರುವವರೂ ವಿರಳ. ಅಂತಹ ದಿನ ನಮ್ಮಂಥವರಿಗೆ ದೊರೆಯುವುದು ಅಪರೂಪ. ಬಹುದಿನಗಳಿಂದ ಮುಂದೂಡುತ್ತ ಬಂದಿದ್ದ ಒಂದು ಗ್ರಂಥದ ಮುನ್ನುಡಿಯನ್ನು ಅಂದು ಬರೆದು ಮುಗಿಸಬೇಕೆಂದು ಸಂಕಲ್ಪಿಸಿ, ಬೆಳಗಿನ ಪೂಜೆಯಾದ ಮೇಲೆ ಬಂದು ಕುಳಿತಿದ್ದೆವು. ಅಷ್ಟರಲ್ಲಿ ದೂರವಾಣಿ ಮೊಳಗಿತು. ಆ ಮುನ್ನುಡಿ ಈ ಹೊತ್ತಿಗೂ ಪೂರ್ತಿಯಾಗಿಲ್ಲ.

ಕರೆದವರು ಪಾಠಶಾಲೆಯಲ್ಲಿ ನಮಗಿಂತ ಎರಡು ತರಗತಿ ಮುಂದಿದ್ದವರು. ಮಠದ ಪ್ರಸಾದನಿಲಯದಲ್ಲಿದ್ದು ಓದಿ, ಮುಂದೆ ಪ್ರೌಢಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕರಾದರು. ಆ ದಿನಗಳಲ್ಲಿ ನಮ್ಮನ್ನು ಹೆಸರು ಹಿಡಿದು ಕೂಗಿ, ತಮ್ಮ ಪಾಲಿನ ನೀರನ್ನೂ ಬಾವಿಯಿಂದ ನಮ್ಮ ಕೈಯಲ್ಲಿಯೇ ಸೇದಿಸುತ್ತಿದ್ದವರು. ಈಗ ‘ಬುದ್ಧಿ’ ಎಂದಲ್ಲದೆ ಬೇರೆ ಮಾತಿಲ್ಲ. ನಾವು ಅವರನ್ನು ‘ಮೇಷ್ಟ್ರೇ’ ಎಂದು ಕರೆಯುತ್ತೇವೆ. ಗ್ಲಾಕೋಮಾ ಎಂಬ ನೇತ್ರವ್ಯಾಧಿಯು ಅವರ ದೃಷ್ಟಿಯನ್ನು ವರ್ಷದಿಂದ ವರ್ಷಕ್ಕೆ ಕಸಿದುಕೊಳ್ಳುತ್ತ ಬಂದು, ಅವಧಿಗೆ ಮುನ್ನವೇ ಅವರು ಕೆಲಸ ಬಿಡಬೇಕಾಯಿತು. ಈಗ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದರೂ ಸಾಲು ತಿಳಿಯುವುದಿಲ್ಲ. ಕಾಲೇಜಿನಲ್ಲಿ ಓದುತ್ತಿರುವ ಅವರ ಮಗಳು, ತೆರೆಯ ಮೇಲಿನ ಬರವಣಿಗೆಯನ್ನು ಗಟ್ಟಿಯಾಗಿ ಓದಿ ಹೇಳುವಂತೆ ಅವರ ಮೊಬೈಲನ್ನು ಸಿದ್ಧಪಡಿಸಿ ಕೊಟ್ಟಿದ್ದಾಳೆ. ಪತ್ರಿಕೆಗಳನ್ನೂ ಕಾದಂಬರಿಗಳನ್ನೂ ಅವರು ಹಾಗೆಯೇ ಕೇಳುತ್ತಾರೆ.

‘ಬುದ್ಧಿ, ತಪ್ಪು ತಿಳೀಬಾರದು. ಗುರುಗಳ ಪಾಠ ಇನ್ನೊಂದು ಸಲ ಕೇಳೋಣ ಅಂತ ತಮ್ಮ ಜಾಲತಾಣ ತೆಗೆಸಿದೆ. ಈ ಯಂತ್ರ ಬೇರೆಲ್ಲ ಕಡೆ ಕನ್ನಡ ಓದುತ್ತೆ, ತಮ್ಮಲ್ಲಿ ಮಾತ್ರ ಓದೋದಿಲ್ಲ. ಪೌಂಡು, ಪೌಂಡು ಅಂತ ಇಂಗ್ಲಿಷಿನಲ್ಲಿ ಅದೇನೋ ಲೆಕ್ಕ ಒಪ್ಪಿಸುತ್ತೆ.’

ಈ ಜಾಲತಾಣದ ಪೂರ್ವವೃತ್ತಾಂತವನ್ನು ಇಲ್ಲಿ ಅರುಹಬೇಕು. ಮಠದ ಅಧಿಕೃತ ತಾಣ ಬೇರೆ. ಅದನ್ನು ಬಲ್ಲವರು ನೋಡಿಕೊಳ್ಳುತ್ತಾರೆ. ಇದು ನಮ್ಮ ಸ್ವಂತದ್ದು. ೨೦೦೫ರಲ್ಲಿ, ಗಣಕಯಂತ್ರವನ್ನು ಹೊಸದಾಗಿ ಕಲಿತ ಹುರುಪಿನಲ್ಲಿ, ಯಾರ ನೆರವನ್ನೂ ಪಡೆಯದೆ ನಾವೇ ಕಟ್ಟಿದ್ದು. ನಮ್ಮ ವಿದ್ಯಾಗುರುಗಳು ೧೯೮೪ರಿಂದ ೧೯೮೬ರವರೆಗೆ ಪ್ರತಿದಿನ ಸಂಜೆ ಎಲ್ಲ ತರಗತಿಯವರನ್ನೂ ಒಟ್ಟಿಗೆ ಕೂರಿಸಿ ವ್ಯಾಕರಣ ಹೇಳುತ್ತಿದ್ದರಷ್ಟೆ. ಆಗ ನಾವು ಬರೆದಿಟ್ಟುಕೊಂಡ ಮೂರು ನೋಟು ಪುಸ್ತಕಗಳಿದ್ದವು. ಅವುಗಳನ್ನು ಒಂದೊಂದು ಪುಟವಾಗಿ ಬೆರಳಚ್ಚು ಮಾಡಿ ಆ ತಾಣದಲ್ಲಿ ಇಟ್ಟೆವು. ಗುರುಗಳು ತಾವಾಗಿ ಏನನ್ನೂ ಬರೆದು ಪ್ರಕಟಿಸಿದವರಲ್ಲ. ೨೦೧೨ರ ಮಳೆಗಾಲದಲ್ಲಿ ಪುಸ್ತಕದ ಕಪಾಟಿಗೆ ಗೆದ್ದಲು ಹತ್ತಿ ಆ ಮೂರೂ ನೋಟು ಪುಸ್ತಕಗಳು ಮಣ್ಣಾದವು. ಅಂದು ವ್ಯಥೆಯಾದರೂ, ಪಾಠವೆಲ್ಲ ಜಾಲತಾಣದಲ್ಲಿ ಸುರಕ್ಷಿತವಾಗಿದೆಯೆಂಬ ಸಮಾಧಾನವಿತ್ತು.

ಮೇಷ್ಟರ ಮಾತು ಕೇಳಿ ನಮ್ಮ ಗಣಕಯಂತ್ರದಲ್ಲಿ ತಾಣವನ್ನು ತೆರೆದು ನೋಡಿದೆವು. ಪುಟಗಳು ದುಂಡಗೆ, ಸ್ಫುಟವಾಗಿ, ಎಂದಿನಂತೆಯೇ ಕಾಣುತ್ತಿದ್ದವು. ದೋಷವು ಮೇಷ್ಟರ ಮೊಬೈಲಿನದೇ ಇರಬೇಕೆಂದು ತೀರ್ಮಾನಿಸುವುದರಲ್ಲಿದ್ದೆವು. ಆದರೂ ಅನುಮಾನ ಉಳಿಯಬಾರದೆಂದು ಕಚೇರಿಯ ಗುಮಾಸ್ತನನ್ನು ಕರೆದು ಅವನ ಮೊಬೈಲಿನಲ್ಲಿ ಅದೇ ಪುಟವನ್ನು ತೆಗೆಸಿದೆವು. ಅಲ್ಲಿ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ‘ಶ್ರೀ’ ಎಂದಿರಬೇಕಾದಲ್ಲಿ ಗಣಿತದ ವರ್ಗಚಿಹ್ನೆಯಂತೆ ಮೇಲೇರಿ ಕುಳಿತ ಒಂದು ಪುಟ್ಟ ಎರಡು, ಅದರ ಪಕ್ಕದಲ್ಲಿ ಎ ಮತ್ತು ಇ ಒಂದಕ್ಕೊಂದು ಅಂಟಿಕೊಂಡ ಒಂದು ವಿಲಕ್ಷಣ ರೂಪ, ಅನಂತರ ನೆತ್ತಿಯ ಮೇಲೆ ಅಲೆಯಂಥ ಗೀಟು ಹೊತ್ತ ಇನ್ನೊಂದು ಎ. ‘ನ’ ಬಂದಲ್ಲೆಲ್ಲ ಆಂಗ್ಲರ ನಾಣ್ಯವಾದ ಪೌಂಡಿನ ಗುರುತು. ಮೇಷ್ಟರ ಯಂತ್ರ ಸುಳ್ಳು ಹೇಳಿರಲಿಲ್ಲ.

‘ಇದು ಎಂದಿನಿಂದ ಹೀಗಿದೆ?’ ಎಂದು ಕೇಳಿದೆವು.

‘ನಾನು ನೋಡಿದಾಗಿನಿಂದಲೂ ಹೀಗೇ ಬುದ್ಧಿ.’

‘ಹೇಳಲಿಲ್ಲವೇಕಪ್ಪ?’

‘ಏನೋ ಬೀಜಾಕ್ಷರ ಇರಬಹುದು ಅಂದುಕೊಂಡೆ.’

ನಕ್ಕುಬಿಟ್ಟೆವು. ಆದರೆ ನಗುವಿನ ಹಿಂದೆಯೇ ಒಂದು ಸಂಕಟವೂ ಬಂತು. ಪೀಠದಲ್ಲಿ ಕುಳಿತವರಿಗೆ ಇರುವ ತೊಡಕೆಂದರೆ ಇದೇ: ಉಡುಪು ಹಿಂದುಮುಂದಾಗಿದ್ದರೂ ಅದರಲ್ಲೊಂದು ಗೂಢಾರ್ಥವಿದೆಯೆಂದು ಭಾವಿಸಿ ಭಕ್ತರು ಕೈಮುಗಿಯುತ್ತಾರೆ. ಎಷ್ಟೋ ವರ್ಷಗಳಿಂದ ಎಷ್ಟೋ ಮಂದಿ ಈ ಪುಟಗಳನ್ನು ತೆರೆದು, ಪೌಂಡಿನ ಗುರುತುಗಳನ್ನು ಕಂಡು, ಮಾತಾಡದೆ ಮುಚ್ಚಿರಬೇಕು. ದೃಷ್ಟಿ ಮಂದವಾದವರೊಬ್ಬರು ಬಾಯಿಬಿಟ್ಟು ಹೇಳುವವರೆಗೆ ನಮಗೆ ಅದು ತಿಳಿಯಲಿಲ್ಲ.

ಹೀಗಾಗಲು ಕಾರಣವೇನು? ವಾಚಕರಲ್ಲಿ ಹಲವರು ಹಳೆಯ ಗಣಕಯಂತ್ರಗಳಲ್ಲಿ ‘ಬರಹ’, ‘ನುಡಿ’ಗಳನ್ನು ಬಳಸಿ ಕನ್ನಡ ಟೈಪು ಮಾಡಿದವರೇ ಆಗಿರುವುದರಿಂದ ಎರಡು ಮಾತು ವಿವರವಾಗಿಯೇ ಹೇಳಬಹುದು. ಆ ಕಾಲದ ಒಂದು ಅಕ್ಷರಶೈಲಿಯಲ್ಲಿ, ಅಂದರೆ ಫಾಂಟಿನಲ್ಲಿ, ಇದ್ದ ಮನೆಗಳು ಒಟ್ಟು ೨೫೬ ಮಾತ್ರ. ಅವೆಲ್ಲ ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆ ಹಂಚಿಹೋಗಿದ್ದವು. ಕನ್ನಡಕ್ಕಾಗಿ ದುಡಿದ ನಮ್ಮವರು ಒಂದು ಜಾಣ್ಮೆಯ ದಾರಿ ಹಿಡಿದರು. ಕನ್ನಡ ಲಿಪಿಯನ್ನು ತಲೆಕಟ್ಟು, ಗುಡಿಸು, ಕೊಂಬು, ಒತ್ತು, ಅಕ್ಷರದ ಒಡಲು ಎಂದು ತುಂಡುಗಳಾಗಿ ಬಿಡಿಸಿ, ಆ ತುಂಡುಗಳನ್ನು ಯೂರೋಪಿನ ಅಕ್ಷರಗಳ ಮನೆಗಳಲ್ಲಿ ಕೂರಿಸಿದರು. ನುಡಿಯಲ್ಲಿ ‘ಕ’ ಎಂದು ಬರೆದರೆ ಯಂತ್ರದ ಒಳಗೆ ದಾಖಲಾಗುವುದು ಇಂಗ್ಲಿಷಿನ ಪಿ. ಅದರ ಮುಂದೆ ತಲೆಕಟ್ಟಿಗಾಗಿ ನೆತ್ತಿಯ ಮೇಲೆ ಗೀಟಿರುವ ಒಂದು ಎ. ಆ ಫಾಂಟು ಇರುವ ಯಂತ್ರದಲ್ಲಿ ಇವು ಕನ್ನಡದ ವೇಷ ತೊಟ್ಟು ಬರುತ್ತವೆ. ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ. ನಮ್ಮ ಗಣಕಯಂತ್ರದಲ್ಲಿ ಫಾಂಟು ಇತ್ತು. ಜಗತ್ತಿನ ಮೊಬೈಲುಗಳಲ್ಲಿ ಇರಲಿಲ್ಲ. ಅಂದಿನ ಸಾಧನಗಳಿಂದ ಸಾವಿರಾರು ಕನ್ನಡ ಪುಸ್ತಕಗಳು ಅಚ್ಚಾದವೆಂಬುದನ್ನು ಮರೆತು ಆ ಉಪಾಯವನ್ನು ಹಳಿಯುವುದು ಕೃತಘ್ನತೆಯಾದೀತು. ಕಾಗದದ ಮೇಲೆ ಅಚ್ಚಾಗುವ ಅಕ್ಷರಕ್ಕೆ ಅಂತರಂಗವಿಲ್ಲ; ಕಂಡರೆ ಸಾಕು. ಜಾಲತಾಣದ ಅಕ್ಷರವಾದರೋ ಅವರಿವರ ಯಂತ್ರಗಳಲ್ಲಿ ಹುಟ್ಟಿ ಕಾಣಬೇಕು, ಹುಡುಕಿದರೆ ಸಿಗಬೇಕು, ಓದಿಸಿದರೆ ಕೇಳಬೇಕು.

ಇದಕ್ಕೆ ಪರಿಹಾರವಾದ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡಕ್ಕೆ ೧೯೯೧ರ ಮೊದಲ ಆವೃತ್ತಿಯಿಂದಲೇ ಪ್ರತ್ಯೇಕ ಸ್ಥಾನವಿದೆ. ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟೂ ಜೊತೆಗೇ ಬಂದಿತ್ತು. ಎಂದಮೇಲೆ, ೨೦೦೫ರಲ್ಲಿ ನಾವು ಸರಿಯಾದ ದಾರಿಯನ್ನೇ ಹಿಡಿಯಬಹುದಿತ್ತು. ಕೈಗೆ ಪಳಗಿದ್ದನ್ನು ಬಿಡಲು ಮನಸ್ಸಾಗಲಿಲ್ಲ. ಒಟ್ಟು ಅರವತ್ತೇಳು ಪುಟಗಳು. ಅಂದೇ ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸಿ ಸಂಜೆಯೊಳಗೆ ಮೇಷ್ಟರಿಗೆ ಕೇಳಿಸಬೇಕೆಂದು ನಿಶ್ಚಯಿಸಿದೆವು.

ಒಂದು ಸಂಕೇತದಿಂದ ಇನ್ನೊಂದಕ್ಕೆ ತಿರುಗಿಸಿಕೊಡುವ ಸಾಧನಗಳುಂಟು. ನಮ್ಮಲ್ಲಿದ್ದ ಹಳೆಯದೊಂದಕ್ಕೆ ಪುಟಗಳನ್ನೆಲ್ಲ ಉಣಿಸಿದೆವು. ಅರ್ಧ ಗಳಿಗೆಯಲ್ಲಿ ಕೆಲಸ ಮುಗಿಯಿತೆಂದು ಹಿಗ್ಗಿದೆವು. ಫಲವನ್ನು ತೆರೆದು ನೋಡಿದರೆ, ಜಾಲತಾಣದ ಪುಟದ ತುಂಬ ಮೊದಲಿಗಿಂತ ಹೆಚ್ಚಿನ ಗೊಂದಲ: ಎಲ್ಲೆಲ್ಲಿಯೂ ಮೇಲೇರಿದ ಪುಟ್ಟ ಎರಡುಗಳು ಮತ್ತು ಪುಟ್ಟ ಮೂರುಗಳು. ಯೂನಿಕೋಡಿನ ಯುಟಿಎಫ್-೮ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟುಗಳ ಸ್ಥಳ ಬೇಕು. ನಮ್ಮ ಪುಟಗಳ ತಲೆಯಲ್ಲಾದರೋ ‘ಇದು ಪಶ್ಚಿಮ ಯೂರೋಪಿನ ಲಿಪಿ’ ಎಂಬ ಹಳೆಯ ಘೋಷಣೆಯೇ ಉಳಿದಿತ್ತು. ಬ್ರೌಸರು ಆ ಘೋಷಣೆಯನ್ನು ನಂಬಿ, ಮೂರನ್ನು ಕೂಡಿಸಿ ಒಂದು ಅಕ್ಷರವೆಂದು ಓದುವ ಬದಲು ಮೂರು ಬೇರೆ ಬೇರೆ ಅಕ್ಷರಗಳೆಂದು ಓದಿತು. ಘೋಷಣೆಯ ಒಂದು ಸಾಲನ್ನು ತಿದ್ದಿದ ಕೂಡಲೇ ಕನ್ನಡವು ತೆರೆಯ ಮೇಲೆ ಮೂಡಿತು. ಗುಮಾಸ್ತನ ಮೊಬೈಲಿನಲ್ಲಿ ಮೊದಲ ಬಾರಿಗೆ ‘ಶ್ರೀ’ ಎಂಬುದು ಶ್ರೀಯಾಗಿ ಕಂಡಿತು. ಅವನು ಕೈಮುಗಿದ, ಈ ಸಲ ಸಕಾರಣವಾಗಿ.

ಓದತೊಡಗಿದೆವು. ಮೊದಲ ಸಾಲಿನಲ್ಲಿಯೇ ‘ವಣರ್’ ಎಂದಿತ್ತು. ಎರಡನೆಯದರಲ್ಲಿ ‘ಅಥರ್’. ಮುಂದೆ ‘ಧಮರ್’, ‘ಕನಾರ್ಟಕ’. ವರ್ಣ, ಅರ್ಥ, ಧರ್ಮ, ಕರ್ನಾಟಕಗಳಿಗೆ ಒದಗಿದ ದುರ್ಗತಿ ಇದು. ವ್ಯಾಕರಣದ ಪಾಠವೆಂದ ಮೇಲೆ ಸಾಲಿಗೊಂದು ಅರ್ಕಾವೊತ್ತು ಇದ್ದೇ ಇರುತ್ತದೆ. ಬೇಸರದ ನಡುವೆಯೂ ಇಲ್ಲಿ ನಮ್ಮ ಬುದ್ಧಿಗೆ ಒಂದು ಸಂತೋಷ ದೊರೆಯಿತು, ಅದನ್ನು ಹಂಚಿಕೊಳ್ಳಬೇಕೆನಿಸುತ್ತದೆ. ‘ಧರ್ಮ’ ಎಂದು ಉಚ್ಚರಿಸುವಾಗ ರಕಾರವು ಮಕಾರಕ್ಕಿಂತ ಮೊದಲು ಬರುತ್ತದೆ. ಕೈಯಿಂದ ಬರೆಯುವಾಗ ಮೊದಲು ‘ಮ’ ಬರೆದು ಆಮೇಲೆ ಅರ್ಕಾವೊತ್ತನ್ನು ಎಳೆಯುತ್ತೇವೆ. ಹಳೆಯ ಫಾಂಟುಗಳು ಕೈಯ ಕ್ರಮವನ್ನು ಹಿಡಿದವು. ಯೂನಿಕೋಡು ಬಾಯಿಯ ಕ್ರಮವನ್ನು ಹಿಡಿಯಿತು. ನಮ್ಮ ವೈಯಾಕರಣರು ಕಿವಿಗೆ ಗೋಚರವಾಗುವ ಅಕ್ಷರವನ್ನು ಶ್ರಾವಣವೆಂದೂ ಕಣ್ಣಿಗೆ ಗೋಚರವಾಗುವುದನ್ನು ಚಾಕ್ಷುಷವೆಂದೂ ವಿಂಗಡಿಸಿದ್ದಾರೆ. ಪಾಠಶಾಲೆಯಲ್ಲಿ ಆ ವಿಂಗಡಣೆಯನ್ನು ಬಾಯಿಪಾಠ ಮಾಡಿದಾಗ ಅದರಿಂದೇನು ಪ್ರಯೋಜನವೆಂದು ಗೊಣಗಿದ್ದುಂಟು. ನಲವತ್ತು ವರ್ಷಗಳ ಮೇಲೆ, ನಾವು ಇಪ್ಪತ್ತು ವರ್ಷ ಕಾಪಾಡಿದ್ದೆಲ್ಲ ಬರಿಯ ಚಾಕ್ಷುಷಾಕ್ಷರವೆಂದೂ ಮೇಷ್ಟರಿಗೆ ಬೇಕಾದುದು ಶ್ರಾವಣಾಕ್ಷರವೆಂದೂ ಒಂದು ಮುರುಕು ‘ಧಮರ್’ನಿಂದ ಮನದಟ್ಟಾಯಿತು.

ತಿದ್ದುವುದೇನು ಮಹಾ, ಯಂತ್ರಕ್ಕೇ ಆಜ್ಞಾಪಿಸಿದರಾಯಿತೆಂದು, ವ್ಯಂಜನದ ಹಿಂದೆ ‘ರ್’ ಬಂದಲ್ಲೆಲ್ಲ ಅದನ್ನು ಮುಂದಕ್ಕೆ ಕೂರಿಸುವಂತೆ ಒಂದು ಸೂತ್ರ ರಚಿಸಿದೆವು. ‘ಧಮರ್’ ಸರಿಹೋಗಿ ‘ಧರ್ಮ’ವಾಯಿತು. ಆದರೆ ನಿಜವಾಗಿಯೂ ‘ರ್’ನಿಂದ ಮುಗಿಯುವ ಅವ್ಯಯಗಳೂ ಆ ಸೂತ್ರಕ್ಕೆ ಬಲಿಯಾದವು: ‘ಪುನರ್’ ಎಂಬುದು ‘ಪುರ್ನ’ವಾಯಿತು. ಅಪವಾದವನ್ನು ಹೇಳದೆ ಉತ್ಸರ್ಗವನ್ನು ಮಾತ್ರ ಹೇಳಿದವನ ಗತಿ ಇದೇ. ಸೂತ್ರವನ್ನು ಹಿಂತೆಗೆದುಕೊಂಡು ಕಣ್ಣಿನಿಂದಲೇ ಒಂದೊಂದನ್ನೂ ನೋಡಿ ತಿದ್ದುತ್ತ ಕುಳಿತೆವು. ಪ್ರಸಾದದ ವೇಳೆ ಮೀರಿತು. ಒಳಗಿನಿಂದ ಎರಡು ಬಾರಿ ಕರೆ ಬಂದಿತು.

ಮಧ್ಯಾಹ್ನದ ಮೇಲೆ ಪುಟದ ವಿನ್ಯಾಸದ ಗೋಳು. ಅದರಲ್ಲಿ ಬಹುಭಾಗವನ್ನು ಸಂಕ್ಷೇಪಿಸುತ್ತೇವೆ. ಪಟ್ಟ ಪಾಡನ್ನೆಲ್ಲ ಹೇಳಿದರೆ ಓದುವವರಿಗೆ ಸ್ವಾರಸ್ಯವಿಲ್ಲ. ಪುಟದ ಅಡಿಯಲ್ಲಿ ನಾವೇ ಹೆಮ್ಮೆಯಿಂದ ಹಾಕಿದ್ದ ಒಂದು ಸೂಚನೆಯಿತ್ತು: ಈ ತಾಣವನ್ನು ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ, ೮೦೦ಕ್ಕೆ ೬೦೦ ಬಿಂದುಗಳ ತೆರೆಯ ಮೇಲೆ ನೋಡುವುದು ಉತ್ತಮ, ಎಂದು. ಆ ಕಾಲದ ರೂಢಿಯೇ ಹಾಗಿತ್ತು. ಮೊದಲು ನೆಟ್‌ಸ್ಕೇಪ್ ಮತ್ತು ಮೈಕ್ರೋಸಾಫ್ಟ್‌ಗಳು ಪರಸ್ಪರ ಸ್ಪರ್ಧಿಸುತ್ತ ತಮತಮಗೆ ತೋಚಿದ ನಿಯಮಗಳನ್ನು ತಂದವು. ೨೦೦೧ರಲ್ಲಿ ಬಂದ ಎಕ್ಸ್‌ಪ್ಲೋರರಿನ ಆರನೆಯ ಆವೃತ್ತಿಯೇ ಅನಂತರ ಕೆಲವು ವರ್ಷ ಸಾರ್ವಭೌಮನಾಗಿತ್ತು. ಅದರಲ್ಲಿ ಚೆಂದ ಕಂಡರೆ ಜಗತ್ತಿಗೇ ಚೆಂದವೆಂದು ನಮ್ಮಂಥ ಹವ್ಯಾಸಿಗಳು ನಂಬಿದ್ದೆವು. ಅದಕ್ಕೆ ಮೈಕ್ರೋಸಾಫ್ಟಿನವರೇ ೨೦೨೨ರ ಜೂನ್ ೧೫ರಂದು ವಿದಾಯ ಹೇಳಿದರು. ನಮ್ಮ ಸೂಚನೆ ಮಾತ್ರ ಅಲ್ಲಿಯೇ ಕುಳಿತಿತ್ತು. ಅಳಿಸಿದೆವು.

ಬ್ರೌಸರುಗಳಿಗೆ ಒಂದು ಕಾರುಣ್ಯಗುಣವೂ ಉಂಟು. ಪುಟದ ನೆತ್ತಿಯಲ್ಲಿ ಇಂಥ ನಿಯಮಕ್ಕೆ ಬದ್ಧವೆಂದು ಸಾರುವ ಒಂದು ಸಾಲು ಇಲ್ಲದಿದ್ದರೆ, ಇದು ಹಳೆಯ ಕಾಲದ ಪುಟವೆಂದು ಊಹಿಸಿ, ವಯಸ್ಸಾದವರೊಡನೆ ಅವರ ಕಾಲದ ಮಾತಿನಲ್ಲಿಯೇ ಮಾತನಾಡುವಂತೆ, ಹಳೆಯ ಬ್ರೌಸರುಗಳ ತಪ್ಪುಗಳನ್ನೇ ಅನುಕರಿಸಿ ತೋರಿಸುತ್ತವೆ. ನಮ್ಮ ಪುಟಗಳಲ್ಲಿ ಆ ಸಾಲು ಇರಲಿಲ್ಲ. ಕೋಷ್ಟಕದೊಳಗಿನ ಅಕ್ಷರಗಳು ಹೊರಗಿನ ಅಳತೆಗೆ ಒಗ್ಗದೆ ತಮ್ಮದೇ ಗಾತ್ರ ತಾಳಿದ್ದಕ್ಕೆ ಅದೇ ಕಾರಣ. ಸಾಲನ್ನು ಸೇರಿಸಿದೆವು, ಅಕ್ಷರಗಳು ಒಗ್ಗಿದವು. ಆದರೆ ಶಿರೋಭಾಗದಲ್ಲಿ ಮೂರು ತುಂಡು ಮಾಡಿ ಜೋಡಿಸಿದ್ದ ಮಠದ ಮಹಾದ್ವಾರದ ಚಿತ್ರದಲ್ಲಿ ತುಂಡುಗಳ ನಡುವೆ ಬಿಳಿಯ ಬಿರುಕು ಬಿದ್ದಿತು. ಹೊಸ ನಿಯಮದಂತೆ ಬ್ರೌಸರು ಚಿತ್ರವನ್ನೂ ಒಂದು ಅಕ್ಷರದಂತೆಯೇ ಸಾಲಿನ ಮೇಲೆ ನಿಲ್ಲಿಸಿ, ಕೆಳಗೆ ಒತ್ತು ಮೊದಲಾದುವಕ್ಕೆ ಜಾಗ ಬಿಡುತ್ತದೆಯಂತೆ! ಚಿತ್ರವು ಅಕ್ಷರವಲ್ಲವೆಂದು ತಿಳಿಸಿಹೇಳಿದ ಮೇಲೆ ಬಿರುಕು ಮುಚ್ಚಿತು.

ಮೊಬೈಲಿನಲ್ಲಿ ಪುಟವು ಇರುವೆಯ ಸಾಲಿನಂತೆ ಕಾಣುತ್ತಿದ್ದುದಕ್ಕೂ ಇಂಥದೇ ಒಂದು ಸಾಲಿನ ಅಭಾವವೇ ಕಾರಣವಾಗಿತ್ತು. ತೆರೆಯ ನಿಜವಾದ ಅಗಲವನ್ನೇ ಪ್ರಮಾಣವಾಗಿ ಹಿಡಿಯೆಂದು ಹೇಳದಿದ್ದರೆ, ಮೊಬೈಲು ತಾನು ಸುಮಾರು ೯೮೦ ಬಿಂದುಗಳಷ್ಟು ಅಗಲವಾದ ತೆರೆಯೆಂದು ಭಾವಿಸಿಕೊಂಡು ಪುಟವನ್ನು ರಚಿಸಿ, ಆಮೇಲೆ ಅಂಗೈಗೆ ಕುಗ್ಗಿಸುತ್ತದೆ. ಅದನ್ನೂ ಹೇಳಿದೆವು. ಆಗ ಅಕ್ಷರಗಳು ದೊಡ್ಡದಾದವು, ಆದರೆ ಪುಟವು ಬಲಗಡೆಗೆ ಚಾಚಿಕೊಂಡಿತು. ಹುಡುಕಿ ನೋಡಿದರೆ ತಪ್ಪಿತಸ್ಥರು ನಾವೇ. ಪೀಠಿಕೆಯಲ್ಲಿ ಗುರುಗಳನ್ನು ಬಣ್ಣಿಸುತ್ತ ‘ಶಬ್ದಶಾಸ್ತ್ರಪಾರಾವಾರಪಾರಂಗತರಾಗಿದ್ದವರು’ ಎಂಬ ಸಮಾಸವನ್ನು ಹೊಸೆದಿದ್ದೆವು. ಅಂಗೈಯಗಲದ ತೆರೆಗೆ ಅದು ಹಿಡಿಸದೆ ಪುಟವನ್ನೇ ಹಿಗ್ಗಿಸಿತ್ತು. ಉದ್ದದ ಪದವನ್ನು ಮುರಿದು ಕೆಳಸಾಲಿಗೆ ಇಳಿಸುವ ಆಜ್ಞೆಯೂ ಉಂಟು. ನಾವು ‘ವ್ಯಾಕರಣವನ್ನು ಚೆನ್ನಾಗಿ ಬಲ್ಲವರು’ ಎಂದು ತಿದ್ದಿದೆವು.

ಸಂಜೆಯ ಹೊತ್ತಿಗೆ ಭಕ್ತರೊಬ್ಬರು ಸಂಸಾರಸಮೇತರಾಗಿ ಬಂದರು. ಅವರ ಜೇಬಿನಲ್ಲಿ ಐಫೋನಿರುವುದನ್ನು ಕಂಡು, ಆಶೀರ್ವಾದಕ್ಕೂ ಮೊದಲು ಅದನ್ನು ಕೇಳಿ ಪಡೆದೆವು. ಕ್ರೋಮ್, ಫೈರ್‌ಫಾಕ್ಸ್, ಆಪಲ್‌ನವರ ಸಫಾರಿ ಇವುಗಳ ಒಳಗಿನ ಯಂತ್ರಗಳು ಬೇರೆ ಬೇರೆಯಾದುದರಿಂದ ಮೂರರಲ್ಲಿಯೂ ನೋಡುವುದು ಕ್ಷೇಮ. ಅವರ ಹತ್ತು ವರ್ಷದ ಮಗ ಇಣುಕಿ ನೋಡಿ, ‘ಅಜ್ಜಾ, ಭಕಿ ಅಂದರೆ ಏನು?’ ಎಂದ. ತಾಯಿ ಅವನ ಬಾಯಿ ಮುಚ್ಚಿಸಲು ಹೋದರು, ನಾವು ತಡೆದೆವು. ಶೀರ್ಷಿಕೆಯಲ್ಲಿ ‘ಭಕ್ತಿ’ ಎಂದಿತ್ತು. ಶೀರ್ಷಿಕೆಗಾಗಿ ನಾವು ಕಟ್ಟಿದ್ದ ಪೆಟ್ಟಿಗೆಯ ಎತ್ತರವನ್ನು ಇಂಗ್ಲಿಷಿನ ಅಳತೆಯಲ್ಲ್ಲಿ ನಿಗದಿಪಡಿಸಿ, ಹೊರಚೆಲ್ಲಿದ್ದನ್ನು ಮರೆಮಾಡಿದ್ದೆವು. ಆ ಫೋನಿನ ಕನ್ನಡ ಫಾಂಟು ಸ್ವಲ್ಪ ಎತ್ತರದ್ದಾದುದರಿಂದ ಕೆಳಗಿನ ತಕಾರದ ಒತ್ತು ಕತ್ತರಿಸಿಹೋಗಿತ್ತು. ‘ಶಕ್ತಿ’ಯು ಶಕಿಯಾಗಿತ್ತು, ‘ಪಟ್ಟಣ’ವು ಪಟಣವಾಗಿತ್ತು. ಕನ್ನಡವು ಎರಡು ಅಂತಸ್ತಿನ ಲಿಪಿ. ಕೆಳಮನೆಯಿಲ್ಲದೆ ಅದು ನಿಲ್ಲದು. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂಮುಕ್ಕಾಲು ಪಟ್ಟಿಗೆ ಏರಿಸಿ, ಪೆಟ್ಟಿಗೆಯ ಕಟ್ಟನ್ನು ಬಿಚ್ಚಿದೆವು. ಹುಡುಗನಿಗೆ ಎರಡು ಬಾಳೆಹಣ್ಣು ಕೊಟ್ಟು, ಹೀಗೆಯೇ ಕೇಳುತ್ತಿರು ಎಂದೆವು.

ಇಷ್ಟರ ಮೇಲೆ ಉಳಿದವು ಎರಡು ಪುಟಗಳು. ಪರಿವರ್ತನೆಯ ಸಾಧನವು ಅವನ್ನು ಮುಟ್ಟಿಯೇ ಇರಲಿಲ್ಲ. ತೆರೆದರೆ, ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳು.

೨೦೦೯ರಲ್ಲಿ ತಾಣವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವಾಗ ಈ ಎರಡು ಪುಟಗಳನ್ನು ನಾವು ಏನೋ ತಿದ್ದಿ, ಬರಿಯ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಉಳಿಸಿಕೊಳ್ಳುವ ರೀತಿಯಲ್ಲಿ ಕಡತವನ್ನು ಭದ್ರಪಡಿಸಿದ್ದೆವೆಂದು ಕಾಣುತ್ತದೆ. ಗೀಟು ಹೊತ್ತ ಅಕ್ಷರ, ಪೌಂಡು, ಪುಟ್ಟ ಎರಡು ಇವೆಲ್ಲವನ್ನೂ ಯಂತ್ರವು ಅಳಿಸಿ ಒಂದೊಂದು ಪ್ರಶ್ನಾರ್ಥಕ ಚಿಹ್ನೆಯಿಟ್ಟಿತ್ತು. ಇದನ್ನು ಯಾವ ಸಾಧನವೂ ಹಿಂದಕ್ಕೆ ತರಲಾರದು; ಮಸಿಯಿಂದ ಮುಚ್ಚಿದ ಅಕ್ಷರವಲ್ಲ, ಕೆತ್ತಿ ತೆಗೆದ ಅಕ್ಷರ. ಹಳೆಯ ಸಿ.ಡಿ.ಗಳನ್ನು ಹುಡುಕಿದೆವು, ಒಂದೂ ತೆರೆಯಲಿಲ್ಲ. ಜಗತ್ತಿನ ಜಾಲತಾಣಗಳ ಹಳೆಯ ಪ್ರತಿಗಳನ್ನು ಕೂಡಿಡುವ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯ ಭಂಡಾರದಲ್ಲಿ ನೋಡಿದೆವು. ನಮ್ಮ ಮುಖಪುಟವಷ್ಟೇ ಸಿಕ್ಕಿತು. ಗೆದ್ದಲಿನ ಮೇಲೆ ಹನ್ನೆರಡು ವರ್ಷ ಹೊರಿಸಿದ್ದ ಅಪರಾಧದಲ್ಲಿ ನಮ್ಮ ಪಾಲೂ ಇತ್ತು.

ಆದರೆ ಎಲ್ಲವೂ ಹೋಗಿರಲಿಲ್ಲ. ನುಡಿಯ ಸಂಕೇತದಲ್ಲಿ ಕ, ಗ, ಚ, ಡ, ತ, ದ, ರ ಮೊದಲಾದವುಗಳ ಒಡಲು ಶುದ್ಧ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿರುವುದರಿಂದ ಅವು ಬದುಕಿದ್ದವು. ನ, ಪ, ಬ, ಮ, ಲ, ವ, ಶ, ಷ, ಸ, ಹ ಇವು ನಿಶ್ಶೇಷವಾಗಿ ಅಳಿದಿದ್ದವು. ಎಂ.ಎ. ತರಗತಿಯಲ್ಲಿ ಶಾಸನಗಳನ್ನು ಓದುವಾಗ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಲ್ಲಿ ಸವೆದ ಅಕ್ಷರಗಳ ಸ್ಥಾನದಲ್ಲಿ ಚುಕ್ಕಿಗಳನ್ನು ಕಂಡಿದ್ದೆವು. ಈಗ ನಮ್ಮ ಬರವಣಿಗೆಯೇ ಒಂದು ಭಗ್ನಶಾಸನ. ಉಳಿದ ವ್ಯಂಜನಗಳನ್ನು ಹಿಡಿದು, ಚಿಹ್ನೆಗಳ ಸಂಖ್ಯೆಯನ್ನು ಎಣಿಸಿ, ನೆನಪಿನ ನೆರವಿನಿಂದ ಒಂದೊಂದೇ ಸಾಲನ್ನು ತುಂಬುತ್ತ ಬಂದೆವು. ಉದಾಹರಣೆಯ ವಾಕ್ಯಗಳು ಬೇಗ ಸಿಕ್ಕವು. ಗುರುಗಳ ಸ್ವಂತ ಮಾತುಗಳೇ ಕಠಿನವಾದವು.

ಅವುಗಳಲ್ಲೊಂದು ನಮಗೆ ಕಂಠಸ್ಥವಾದುದೇ. ಶಿಷ್ಯನಾದವನು ಮೊದಲು ವಿನಯವನ್ನು ಕಲಿಯಲಿ, ಮಿಕ್ಕದ್ದು ತಾನಾಗಿ ಬರುತ್ತದೆ, ಎಂಬ ಮಾತು. ಎಷ್ಟೋ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ನಾವು ಗುರುಗಳ ಹೆಸರು ಹೇಳಿ ಇದನ್ನು ಆಡಿದ್ದೇವೆ. ಪುಟದಲ್ಲಿ ಆ ಪದದ ಜಾಗದಲ್ಲಿ ಮೂರು ಪ್ರಶ್ನಾರ್ಥಕ ಚಿಹ್ನೆ, ಯಕಾರದ ಅವಶೇಷವಾಗಿ ಎ ಮತ್ತು ಐ ಎಂಬ ಎರಡು ಇಂಗ್ಲಿಷ್ ಅಕ್ಷರ, ಮತ್ತೆ ಎರಡು ಚಿಹ್ನೆ. ಎಣಿಕೆ ಸರಿಹೊಂದಿತು. ಬರೆದು ಮುಂದೆ ಹೋದೆವು.

ಸಂಜೆಯ ಪೂಜೆಯಾದ ಮೇಲೆ ಮೇಷ್ಟರಿಗೆ ಕರೆಮಾಡಿ, ಉಳಿದೆಲ್ಲ ಪುಟಗಳು ಈಗ ಓದಿಸಿಕೊಳ್ಳುತ್ತವೆಯೆಂದೂ ಈ ಎರಡರ ಅವಸ್ಥೆ ಹೀಗೆಂದೂ ತಿಳಿಸಿ, ತುಂಬಿದ ಸಾಲುಗಳನ್ನು ಓದಿ ಹೇಳತೊಡಗಿದೆವು. ಆ ಮಾತಿಗೆ ಬಂದಾಗ ಅವರು ತಡೆದರು.

‘ವಿನಯ ಅಲ್ಲ ಬುದ್ಧಿ. ವಿಷಯ.’

‘ಇಲ್ಲ ಮೇಷ್ಟ್ರೇ, ನಮಗೆ ಚೆನ್ನಾಗಿ ನೆನಪಿದೆ.’

‘ನನಗೇ ಅಂದ ಮಾತು, ನಾನು ಮರೀತೀನಾ? ಪಿತೃ ಶಬ್ದ ಒಪ್ಪಿಸು ಅಂದರು. ದ್ವಿವಚನದಲ್ಲೇ ನಿಂತುಹೋಯಿತು. ಏನು ಮಾಡೋದು ತೋಚದೆ ಕಾಲಿಗೆ ಅಡ್ಡಬಿದ್ದುಬಿಟ್ಟೆ. ತಾವೆಲ್ಲ ನಕ್ಕಿರಿ. ಆಗ ಅಂದರು: ಏಳಯ್ಯ ಮೇಲೆ, ಅಡ್ಡಬೀಳೋದಕ್ಕೆ ಬೇಕಾದಷ್ಟು ಹೊತ್ತಿದೆ, ಮೊದಲು ವಿಷಯ ಕಲಿ, ಮಿಕ್ಕದ್ದು ತಾನಾಗಿ ಬರುತ್ತೆ.’

ನಾವು ಮಾತಾಡಲಿಲ್ಲ. ನುಡಿಯಲ್ಲಿ ‘ನ’ ಮತ್ತು ‘ಷ’ ಎರಡೂ ಅಳಿಯುವ ಗುಂಪಿಗೆ ಸೇರಿದವು; ಎರಡಕ್ಕೂ ಒಡಲಿಗೊಂದು, ತಲೆಕಟ್ಟಿಗೊಂದು ಚಿಹ್ನೆ. ವಿನಯವಾದರೂ ವಿಷಯವಾದರೂ ಎಣಿಕೆ ಒಂದೇ. ಯಂತ್ರವು ಸಾಕ್ಷಿ ಹೇಳಲಾರದು. ಆದರೆ ಮೇಷ್ಟರು ಹೇಳುತ್ತಿದ್ದಂತೆ ಆ ಸಂಜೆ, ಲಾಂದ್ರದ ಬೆಳಕು, ನೆಲದ ಮೇಲೆ ಉದ್ದಕ್ಕೆ ಬಿದ್ದಿದ್ದ ಆ ಎತ್ತರದ ಹುಡುಗ, ನಮ್ಮ ನಗು ಎಲ್ಲವೂ ಕಣ್ಣಿಗೆ ಕಟ್ಟಿದವು. ಅವರು ಹೇಳಿದ್ದೇ ನಿಜ. ಯಾವಾಗಲೋ, ಕಾಲಿಗೆ ಬೀಳುವವರ ನಡುವೆ ಬದುಕತೊಡಗಿದ ಮೇಲೆ, ಆ ಪದವು ನಮ್ಮ ನಾಲಗೆಯಲ್ಲಿ ನಮಗೆ ಒಪ್ಪುವ ಪದವಾಗಿ ಬದಲಾಗಿತ್ತು. ಮೇಷ್ಟರು ಸಂಕೋಚದಿಂದ, ‘ತಪ್ಪಾಯಿತೇನೋ ಬುದ್ಧಿ’ ಎಂದರು. ತಪ್ಪು ನಿಮ್ಮದಲ್ಲವೆಂದು ಹೇಳಿ ಪುಟದಲ್ಲಿ ಅಕ್ಷರವನ್ನು ತಿದ್ದಿದೆವು. ಈ ಪತ್ರಿಕೆಯ ಪುಟಗಳಲ್ಲಿಯೂ ನಾವು ಆ ಮಾತನ್ನು ‘ವಿನಯ’ವೆಂದೇ ಉದ್ಧರಿಸಿದ್ದುಂಟು. ವಾಚಕರು ದಯಮಾಡಿ ತಿದ್ದಿಕೊಳ್ಳಬೇಕು.

ರಾತ್ರಿ ಒಂಬತ್ತರ ಮೇಲೆ ಮೇಷ್ಟರು ಮತ್ತೆ ಕರೆದರು. ದೂರವಾಣಿಯನ್ನು ತಮ್ಮ ಮಗಳ ಮೊಬೈಲಿನ ಬಳಿ ಹಿಡಿದಿದ್ದರು. ಭಾವವಿಲ್ಲದ, ಉಸಿರಿಲ್ಲದ ಒಂದು ಹೆಣ್ಣುದನಿಯು ಸಂಧಿಪ್ರಕರಣವನ್ನು ಓದುತ್ತಿತ್ತು. ‘ವರ್ಣ’ವು ವರ್ಣವಾಗಿಯೇ ಕೇಳಿಸಿತು. ‘ಗುರುಗಳ ಹಾಗೆ ಗದರೋದಿಲ್ಲ, ಅಷ್ಟೇ ಕೊರತೆ’ ಎಂದರು ಮೇಷ್ಟರು.

ಆ ಎರಡು ಪುಟಗಳಲ್ಲಿ ಇನ್ನೂ ಹದಿನಾಲ್ಕು ಸಾಲುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿಯೇ ಇವೆ. ಊಹಿಸಿ ತುಂಬುವ ಧೈರ್ಯ ಈಗ ನಮಗಿಲ್ಲ. ಒಂಬತ್ತು ಸಾಲುಗಳು ಕಾರಕಪ್ರಕರಣದವು, ಐದು ಸಮಾಸದವು. ೧೯೮೪ರಿಂದ ೧೯೮೬ರವರೆಗೆ ಸಂಜೆಯ ಪಾಠಕ್ಕೆ ಕುಳಿತವರಲ್ಲಿ ಹಲವರು ಈ ಪತ್ರಿಕೆಯ ಚಂದಾದಾರರು. ಅಂದಿನ ನೋಟು ಪುಸ್ತಕ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ, ಇಲ್ಲವೆ ಗುರುಗಳ ಒಂದು ಬೈಗುಳವಾದರೂ ನೆನಪಿದ್ದರೆ, ಮಠದ ವಿಳಾಸಕ್ಕೆ ಒಂದು ಕಾರ್ಡು ಬರೆಯಬೇಕು. ಫೋನು ಮಾಡುವವರು ಸಂಜೆಯ ಪೂಜೆಯ ಅನಂತರ ಮಾಡಿದರೆ ಅನುಕೂಲ.